ಲಾಂಗ್‌ಟಾಂಗ್ ಕಣಿವೆ: ದಾರಿ ಈಗ ಹೇಗಿದೆ?

ನೇಪಾಳದ ಈ ಕಣಿವೆಯಲ್ಲಿ, ಚಾರಣ ಶುರುವಾಗುವ ಸ್ಯಾಬ್ರುಬೆಸಿಯಿಂದ ಮೇಲಿನ ಊರಾದ ಕ್ಯಾಂಜಿನ್ ಗೊಂಪಾಕ್ಕೆ ಮೂರು ದಿನ ನಡೆದೆವು. ದಾರಿ ಗಟ್ಟಿಯಾಗಿದೆ, ತೂಗುಸೇತುವೆಗಳೂ ಚೆನ್ನಾಗಿವೆ. ಗುಡ್ಡ ಜರಿದ ಕಡೆ ಮಾತ್ರ ಕಲ್ಲು ಸಡಿಲ. ಅಲ್ಲಿ ಫೋಟೋಗೆ ನಿಲ್ಲಬೇಡಿ, ಸರಸರ ದಾಟಿಬಿಡಿ.

ಹಳೆಯ ಲಾಂಗ್‌ಟಾಂಗ್ ಊರು ಇದ್ದ ಜಾಗದಲ್ಲಿ ನನ್ನ ಕಾಲು ತಾನಾಗಿಯೇ ನಿಂತಿತು. 2015ರ ಏಪ್ರಿಲ್ 25ರ ಭೂಕಂಪಕ್ಕೆ ಮೇಲಿನ ಹಿಮ, ಬಂಡೆ ಎಲ್ಲ ಜಾರಿ ಬಂದು ಊರನ್ನೇ ಮುಚ್ಚಿಬಿಟ್ಟವು. ಈಗಿನ ದಾರಿ ಆ ಕಲ್ಲುರಾಶಿಯ ಮೇಲೇ ಹೋಗುತ್ತದೆ. ಕೆಳಗೆ ಮನೆಗಳಿವೆ, ಜನರಿದ್ದಾರೆ. ಮೆಲ್ಲಗೆ ನಡೆಯಿರಿ. ಸತ್ತವರ ಹೆಸರು ಕೆತ್ತಿದ ಕಲ್ಲಿನ ಮುಂದೆ ಒಂದೇ ಮನೆತನದವರ ಸಾಲು ಓದುತ್ತಾ ನನಗೆ ಗಂಟಲು ಕಟ್ಟಿತು.

ಅಲ್ಲಿಂದ ಸ್ವಲ್ಪ ಮೇಲೆ ಹೊಸ ಊರು. ನಾವು ಉಳಿದ ಲಾಡ್ಜ್‌ನ ಗೋಡೆ ಬರೀ ಪ್ಲೈವುಡ್, ರಾತ್ರಿ ಚಳಿ ಜಾಸ್ತಿ. ಆದರೆ ದೀದಿ ಬಡಿಸಿದ ದಾಲ್ ಭಾತ್! ಸಾಕು ಅಂದರೂ ಮತ್ತೆ ಬಿಸಿ ಬೇಳೆ ಸುರಿದರು. ಕ್ಯಾಂಜಿನ್‌ನ ಯಾಕ್ ಚೀಸ್ ತಪ್ಪದೆ ತಿನ್ನಿ.

ನಗದು ಜಾಸ್ತಿ ಇಟ್ಟುಕೊಳ್ಳಿ. ಊಟವನ್ನು ಉಳಿದುಕೊಂಡ ಲಾಡ್ಜ್‌ನಲ್ಲೇ ಮಾಡಿ, ಅವರ ಸಂಪಾದನೆ ಅದೇ ಅಲ್ವಾ.