ಅವೆನ್ಯೂ ರಸ್ತೆಯಲ್ಲಿ ಬೈಂಡ್ ಮಾಡಿಸಿದ ಹದಿಮೂರು ಸಾಲಿನ ಪುಸ್ತಕ

ಅವೆನ್ಯೂ ರಸ್ತೆಯಿಂದ ಚಿಕ್ಕಪೇಟೆ ಕಡೆ ಹೋಗುವ ಒಂದು ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಜಾಗದಲ್ಲಿ, ವಯಸ್ಸಾದವರೊಬ್ಬರು ಪುಸ್ತಕ ಬೈಂಡ್ ಮಾಡುತ್ತಾರೆ. ಬೋರ್ಡ್ ಇಲ್ಲ. ಅಲ್ಲಿ ಮಾಡಿಸಿದ ಪುಸ್ತಕವನ್ನು ಮೂರು ತಿಂಗಳಿಂದ ದಿನಾ ರಾತ್ರಿ ಬಳಸುತ್ತಿದ್ದೇನೆ. 112 ಪುಟ, ಹೊಲಿಗೆ ಬೈಂಡಿಂಗ್, ಗಟ್ಟಿ ರಟ್ಟಿನ ಮೇಲೆ ನೀಲಿ ಬಟ್ಟೆ, 350 ರೂಪಾಯಿ. ಒಂದು ಹಾಳೆಯೂ ಕಿತ್ತು ಬಂದಿಲ್ಲ.

ಅಂಗಡಿ ಡೈರಿ ನನಗೆ ಆಗುತ್ತಿರಲಿಲ್ಲ. ಪ್ರತಿ ಪುಟದಲ್ಲಿ ಏಳು ದಿನಕ್ಕೆ ಏಳು ಕಾಲಂ, ಹದಿಮೂರು ಗುಣಕ್ಕೆ ಹದಿಮೂರು ಸಾಲು ಬೇಕಿತ್ತು. ಇದು ಮೊದಲು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನಗಾಗಿ ಮಾಡಿಕೊಂಡಿದ್ದ ಲೆಕ್ಕ. ಇದನ್ನೇ ತೆಗೆದುಕೊಂಡು ಮೆಂಡೆಲ್ ಲೆಫಿನ್ ಅನ್ನುವ ಯಹೂದಿ ವಿದ್ವಾಂಸರು 1808ರಲ್ಲಿ ಹೀಬ್ರೂ ಭಾಷೆಯಲ್ಲಿ 'ಹೆಷ್ಬೋನ್ ಹನೆಫೆಶ್' ಬರೆದರು. ಹಾಗೆಂದರೆ ಆತ್ಮದ ಲೆಕ್ಕಾಚಾರ. ತಾಳ್ಮೆ, ವಿನಯ, ನ್ಯಾಯ, ಮೌನ, ಸತ್ಯ, ಹೀಗೆ ವಾರಕ್ಕೊಂದು ಗುಣ. ಜಾರಿದ ದಿನ ಒಂದು ಚುಕ್ಕೆ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಮುಂದೆ ಲಿಥುವೇನಿಯಾದಲ್ಲಿ ರಬ್ಬಿ (ಅಂದರೆ ಯಹೂದಿ ಧರ್ಮಗುರು) ಇಸ್ರಾಯೇಲ್ ಸಲಾಂಟರ್ ಶುರು ಮಾಡಿದ ಮುಸ್ಸಾರ್ ಚಳವಳಿಯವರು ಈ ಅಭ್ಯಾಸವನ್ನು ಬಹಳ ಮೆಚ್ಚಿಕೊಂಡರು. ಮುಸ್ಸಾರ್ ಅಂದರೆ ನಮ್ಮನ್ನು ನಾವೇ ತಿದ್ದಿಕೊಳ್ಳುವ ಶಿಸ್ತು.

ನನಗೆ ಇದು ಯಾಕೆ ಬೇಕಾಯಿತು ಅಂದರೆ, ಅಮ್ಮನ ಮನೆಯ ಬಾಡಿಗೆ ಹಂಚುವ ವಿಷಯದಲ್ಲಿ ತಮ್ಮನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ನ್ಯಾಯ ನನ್ನ ಕಡೆ ಇದೆ ಅಂತ ಪೂರ್ತಿ ನಂಬಿದ್ದೆ. ಆಗ ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುಡ್‌ನ ಒಂದು ಕತೆ ಓದಿದೆ. ರಬ್ಬಿ ಇಶ್ಮಾಯೇಲ್ ಬೆನ್ ಯೋಸೆ ನ್ಯಾಯ ಹೇಳುವವರು. ಅವರ ತೋಟವನ್ನು ಗೇಣಿಗೆ ಮಾಡುತ್ತಿದ್ದವನು ಪ್ರತಿ ಶುಕ್ರವಾರ ಒಂದು ಬುಟ್ಟಿ ಹಣ್ಣು ತಂದುಕೊಡುತ್ತಿದ್ದ. ಒಂದು ಸಲ ಗುರುವಾರವೇ ತಂದ. ಯಾಕಪ್ಪಾ ಅಂದರೆ, ಇವತ್ತು ನನ್ನದೊಂದು ವ್ಯಾಜ್ಯ ಇದೆ, ಹೇಗೂ ಬರ್ತಿದ್ದೆನಲ್ಲ, ತಂದೆ ಅಂದ. ರಬ್ಬಿ ಹಣ್ಣು ಮುಟ್ಟಲಿಲ್ಲ. ನಿನ್ನ ವ್ಯಾಜ್ಯ ನಾನು ನೋಡುವುದಿಲ್ಲ ಅಂತ ಬೇರೆಯವರಿಗೆ ಒಪ್ಪಿಸಿದರು. ಆದರೆ ಅವರು ವಿಚಾರಣೆ ಮಾಡುವಾಗ ಇವರ ಮನಸ್ಸು ಸುಮ್ಮನಿರಲಿಲ್ಲ, ಅವನು ಹೀಗೆ ವಾದಿಸಬಹುದಿತ್ತಲ್ಲ, ಹಾಗೆ ಹೇಳಿದ್ದರೆ ಗೆಲ್ಲುತ್ತಿದ್ದನಲ್ಲ ಅಂತ ಅವನ ಕಡೆಗೇ ಎಳೆಯುತ್ತಿತ್ತು. ಹಣ್ಣು ತೆಗೆದುಕೊಂಡೇ ಇಲ್ಲ. ತೆಗೆದುಕೊಂಡಿದ್ದರೂ ಅದು ಅವರದೇ ತೋಟದ ಹಣ್ಣು. ಆದರೂ ಮನಸ್ಸು ವಾಲಿತು.

ಇದು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಮುಟ್ಟದ ಬುಟ್ಟಿಯೇ ಹೀಗೆ ಮಾಡುತ್ತದೆ ಅಂದರೆ, ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಳ್ಳುವ ನಾನು ತಮ್ಮನ ವಿಷಯದಲ್ಲಿ ನ್ಯಾಯ ಹೇಳುವುದು ಹೇಗೆ? ಲಂಚ ಜಾಣರ ಕಣ್ಣನ್ನೂ ಕುರುಡು ಮಾಡುತ್ತದೆ ಅಂತ ಯಹೂದಿಗಳ ಮೂಲ ಧರ್ಮಗ್ರಂಥ ತೋರಾದಲ್ಲಿ ಇದೆ. ಮುಸ್ಸಾರ್ ಗುರುಗಳು ಆ ಮಾತನ್ನು ಎಲ್ಲರಿಗೂ ಹಚ್ಚುತ್ತಾರೆ. ನಮ್ಮ ಆಸೆಯೇ ನಮಗೆ ಲಂಚ.

ಹಾಗಂತ ಆಸೆಯನ್ನು ಕೊಂದುಬಿಡು ಅಂತ ಇಲ್ಲಿ ಹೇಳುವುದಿಲ್ಲ, ಅದೇ ನನಗೆ ಹಿಡಿಸಿತು. ಕೆಟ್ಟ ಕಡೆ ಎಳೆಯುವ ಒಲವಿಗೆ ಅವರು ಯೇಟ್ಸರ್ ಹರಾ ಅನ್ನುತ್ತಾರೆ. ಅದು ಇಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳಾಗುತ್ತಿರಲಿಲ್ಲ, ವ್ಯಾಪಾರ ನಡೆಯುತ್ತಿರಲಿಲ್ಲ ಅಂತ ಹಳೆಯ ರಬ್ಬಿಗಳೇ ಹೇಳಿದ್ದಾರೆ. ಅರಿಷಡ್ವರ್ಗ ಕೇಳಿ ಬೆಳೆದ ನನಗೆ ಇದು ಹೊಸದು.

ಬೈಂಡಿಂಗ್ ವಿಷಯಕ್ಕೆ ಬರುತ್ತೇನೆ. ನಾನು ಸ್ವಲ್ಪ ದಪ್ಪದ, 100 ಜಿಎಸ್‌ಎಂ ಕಾಗದ ಕೇಳಿದೆ. ಬೇಡ, ಸುಮ್ನೆ ದುಡ್ಡು ದಂಡ, ಬಾಲ್ ಪೆನ್ನಿಗೆ 80 ಸಾಕು ಅಂದರು. ನಿಜ, ಶಾಯಿ ಪೆನ್ ಆದರೆ ಮಾತ್ರ ಹಿಂದಕ್ಕೆ ಸ್ವಲ್ಪ ಕಾಣುತ್ತದೆ. ಶನಿವಾರಕ್ಕೆ ಬೇಕು, ಇನ್ನೂರು ಜಾಸ್ತಿ ಕೊಡ್ತೀನಿ ಅಂದೆ. ಅವರು ಹಾಳೆ ಎಣಿಸುತ್ತಿದ್ದರು, ಉತ್ತರ ಬರಲಿಲ್ಲ. ಸಾಲದೇನೋ ಅಂದುಕೊಂಡು ಮುನ್ನೂರು ಅಂದೆ. ಎಣಿಸಿ ಮುಗಿಸಿ ತಲೆ ಎತ್ತಿ, "ಶುಕ್ರವಾರ ಸಾಯಂಕಾಲ ಬನ್ನಿ ಮೇಡಂ. ನೀವು ಹೇಳೋಕೆ ಮುಂಚೆನೇ ಶುಕ್ರವಾರ ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ, ಜಾಸ್ತಿ ಯಾಕೆ?" ಅಂದರು.

ತಾಲ್ಮುಡ್ ಕಾಲದ ರಬ್ಬಿ ರಾವ್ ಸಾಫ್ರಾ ಅವರದೂ ಇಂಥದೇ ಕತೆ. ಪ್ರಾರ್ಥನೆಯ ಮಧ್ಯದಲ್ಲಿದ್ದಾಗ, ಅವರು ಮಾರಲಿಟ್ಟಿದ್ದ ವಸ್ತುವಿಗೆ ಗಿರಾಕಿ ಬೆಲೆ ಹೇಳಿದ. ಇವರು ಮಾತಾಡದೆ ಇದ್ದದ್ದು ನೋಡಿ ಬೆಲೆ ಏರಿಸಿದ. ಪ್ರಾರ್ಥನೆ ಮುಗಿದ ಮೇಲೆ, ಮೊದಲ ಬೆಲೆಗೇ ಮನಸ್ಸಲ್ಲಿ ಒಪ್ಪಿದ್ದೆ, ಅಷ್ಟೇ ಕೊಡು ಅಂದರು. ಆ ಕತೆ ನಾನು ಓದಿದ್ದು ಪುಸ್ತಕ ಕೈಗೆ ಬಂದ ಮೇಲೆ, ಸತ್ಯದ ವಾರದಲ್ಲಿ. ಓದುವಾಗ ಕಣ್ಣ ಮುಂದೆ ಬಂದದ್ದು ಬೈಂಡಿಂಗ್ ಯಜಮಾನರ ಮುಖವೇ.

ಮೊದಲ ಸುತ್ತು ಮುಗಿದಿದೆ. ನ್ಯಾಯದ ಸಾಲಿನಲ್ಲಿ ಚುಕ್ಕೆ ಇನ್ನೂ ಜಾಸ್ತಿಯೇ ಇವೆ. ಆ ವಾರದಲ್ಲೇ ತಮ್ಮನಿಗೆ ಫೋನ್ ಮಾಡಿದೆ, ಬಾಡಿಗೆ ಲೆಕ್ಕವನ್ನು ಈಗ ಸೋದರಮಾವ ನೋಡುತ್ತಿದ್ದಾರೆ.

ಹೋಗುವವರು ಗಾಡಿ ತಗೊಂಡು ಹೋಗಬೇಡಿ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ. ಗೆರೆಯ ಮಾದರಿಯನ್ನು ಕಾಗದದಲ್ಲಿ ಬರೆದು ಕೊಡಿ. ಗುಣದ ಹೆಸರಿಗೆ ಒಂದೂವರೆ ಇಂಚು ಬಿಡಿಸಿ, ನನ್ನದರಲ್ಲಿ ಒಂದೇ ಇಂಚು, 'ಪ್ರಾಮಾಣಿಕತೆ' ಹಿಡಿಸಲಿಲ್ಲ, 'ಸತ್ಯ' ಅಂತ ಬರೆದುಕೊಂಡೆ.