ತುಳಿಯೋ ಮಿಷನ್ನೋ, ಬ್ಯಾಟರಿ ಮಿಷನ್ನೋ? ಒಂದು ಮಳೆಗಾಲ ಹೊಲಿದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ತುಳಿಯುವ ಮಿಷನ್‌ಗೆ. ಕಪ್ಪು ಬಣ್ಣದ್ದು, ಕಬ್ಬಿಣದ ಕಾಲಿನದ್ದು, ಅಜ್ಜಿಮನೆಯ ಜಗಲಿಯ ಮೂಲೆಯಲ್ಲಿ ಇರುತ್ತಿತ್ತಲ್ಲ, ಅದೇ. ಆದರೆ ನಾನು ಮೊದಲು ತಂದದ್ದು ಅದನ್ನಲ್ಲ. ಹೋದ ವರ್ಷ ಮಳೆ ಹಿಡಿಯುವ ಮೊದಲು ಆನ್‌ಲೈನಿನಲ್ಲಿ ಒಂದು ಪುಟ್ಟ ಬ್ಯಾಟರಿ ಮಿಷನ್ ತರಿಸಿದೆ. 1,850 ರೂಪಾಯಿ ಕೊಟ್ಟೆ. ಅದು ಕೈಕೊಟ್ಟಿತು. ಆಮೇಲೆ ಚಿಕ್ಕಮ್ಮನ ಮಗಳ ಕರೆಂಟ್ ಮಿಷನ್ ಎರಡು ವಾರ ಮನೆಯಲ್ಲಿಟ್ಟುಕೊಂಡು ಹೊಲಿದೆ. ಕೊನೆಗೆ ಕುಶಾಲನಗರದ ಹತ್ತಿರ ಒಬ್ಬರ ಮನೆಯಿಂದ ಹಳೇ ತುಳಿಯುವ ಮಿಷನ್ ತಂದೆ. ಮೂರರಲ್ಲೂ ಹೊಲಿದದ್ದು ಒಂದೇ ತರದ ಬಟ್ಟೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಹೊಸ ಬಟ್ಟೆ ತಂದು ಹೊಲಿಯುವುದು ಕಡಿಮೆ. ನಮ್ಮ ಮನೆಗೆ ಬಟ್ಟೆ ಬರುವುದು ಎರಡು ದಾರಿಯಲ್ಲಿ. ಒಂದು, ಅಕ್ಕನ ಮಕ್ಕಳಿಗೆ ಗಿಡ್ಡವಾಗಿ ಬಿಟ್ಟದ್ದು. ಇನ್ನೊಂದು, ಮಡಿಕೇರಿಯ ಶುಕ್ರವಾರದ ಸಂತೆ, ಕೆಲವು ಸಲ ಗೋಣಿಕೊಪ್ಪಲಿನ ಭಾನುವಾರದ ಸಂತೆ. ರಸ್ತೆ ಬದಿ ಟಾರ್ಪಾಲ್ ಹಾಸಿ ಸ್ವೆಟರ್, ಜೀನ್ಸ್, ಕೋಟು ಎಲ್ಲ ರಾಶಿ ಹಾಕಿರುತ್ತಾರೆ. ಕೂತು ಹುಡುಕಿದರೆ ಒಳ್ಳೇ ದಪ್ಪ ಬಟ್ಟೆ ಸಿಗುತ್ತದೆ. ಅಳತೆ ಮಾತ್ರ ಸಿಗುವುದಿಲ್ಲ. ಉದ್ದ ಜಾಸ್ತಿ, ಸೊಂಟ ಅಗಲ, ತೋಳು ಇಳಿಬಿದ್ದಿರುತ್ತದೆ. ಅದನ್ನು ನಮ್ಮ ಮೈಗೆ ತರುವುದೇ ನನ್ನ ಹೊಲಿಗೆ ಕೆಲಸ.

ಹಾಗಾಗಿ ನನ್ನ ಸೂಜಿ ಯಾವಾಗಲೂ ಈಗಾಗಲೇ ಇರುವ ಹೊಲಿಗೆಯ ಮೇಲೆಯೇ ಹಾಯಬೇಕು. ಹೊಸ ಬಟ್ಟೆ ಹೊಲಿಯುವವರಿಗೆ ಈ ತೊಂದರೆ ಅಷ್ಟಿಲ್ಲ. ಮಿಷನ್ ಮಾರುವವರು ಹೊಲಿದು ತೋರಿಸುವುದು ಚಪ್ಪಟೆಯಾದ ಒಂದು ಕಾಟನ್ ತುಂಡಿನ ಮೇಲೆ. ಅದರ ಮೇಲೆ ಯಾವ ಮಿಷನ್ ಆದರೂ ಚೆನ್ನಾಗಿಯೇ ಓಡುತ್ತದೆ. ನಾನೂ ಅದನ್ನೇ ನೋಡಿ ಆರ್ಡರ್ ಮಾಡಿದೆ.

ಬ್ಯಾಟರಿ ಮಿಷನ್ ಬಂದ ದಿನ ಮಗಳ ಕರ್ಚೀಫಿನ ಅಂಚು ಹೊಲಿದೆ. ಬಹಳ ಚೆನ್ನಾಗಿ ಬಂತು. ದಿಂಬಿನ ಕವರ್ ಹೊಲಿದೆ, ಅದೂ ಸರಿ. ಮೂರನೇ ದಿನ ಮಗನ ಜೀನ್ಸ್ ತೆಗೆದುಕೊಂಡೆ. ಸಂತೆಯಲ್ಲಿ 150 ರೂಪಾಯಿಗೆ ಸಿಕ್ಕಿದ್ದು, ಗಟ್ಟಿ ಬಟ್ಟೆ, ಎಲ್ಲೂ ಸವೆದಿರಲಿಲ್ಲ. ಮೂರು ಇಂಚು ಉದ್ದ ಇತ್ತು. ಕತ್ತರಿಸಿ, ಎರಡು ಸಲ ಮಡಚಿ, ಇಸ್ತ್ರಿ ಹಾಕಿ ಕೂತೆ.

ಜೀನ್ಸಿನ ಒಳಗಾಲಿನ ಹೊಲಿಗೆ ನೋಡಿದ್ದೀರಲ್ಲ? ಎರಡೂ ಕಡೆಯ ಬಟ್ಟೆಯನ್ನು ಒಂದರೊಳಗೆ ಒಂದು ಮಡಚಿ ಎರಡು ಸಾಲು ಹೊಲಿದಿರುತ್ತಾರೆ. ಆ ಜಾಗದಲ್ಲೇ ನಾಲ್ಕು ಪದರ. ಅಂಚನ್ನು ಎರಡು ಸಲ ಮಡಚಿದರೆ ಅದು ಹನ್ನೆರಡು ಪದರ ಆಗುತ್ತದೆ. ಪಕ್ಕದಲ್ಲಿ ಬರೀ ಮೂರು. ಮಿಷನ್ ಮೂರು ಪದರದ ಮೇಲೆ ಓಡುತ್ತಾ ಬಂದು ಆ ದಿಣ್ಣೆಯ ಹತ್ತಿರ ನಿಂತುಬಿಟ್ಟಿತು. ಮೋಟಾರು ಗುಂಯ್ ಅನ್ನುತ್ತಿದೆ, ಸೂಜಿ ಇಳಿಯುತ್ತಿಲ್ಲ. ಒತ್ತಿ ಹಿಡಿಯುವ ಪಾದದ ಮೂತಿ ಮೇಲಕ್ಕೆ ಎದ್ದು, ಹಿಂಭಾಗ ಕೆಳಗೇ ಉಳಿದಿತ್ತು. ಬಟ್ಟೆ ಎಳೆಯುವ ಹಲ್ಲಿಗೆ ಹಿಡಿತವೇ ಸಿಗಲಿಲ್ಲ. ಸ್ವಲ್ಪ ದೂಡಿದೆ. ಟಕ್ ಅಂತ ಸೂಜಿ ಮುರಿಯಿತು.

ಸೂಜಿ ಸಣ್ಣದಾಯಿತೇನೋ ಅಂದುಕೊಂಡು ಮಾರನೇ ದಿನ 16 ನಂಬರ್ ಸೂಜಿ ತಂದು ಹಾಕಿದೆ. ಈ ಸಲ ಸೂಜಿ ಇಳಿಯಿತು, ಹೊಲಿಗೆ ಬೀಳಲಿಲ್ಲ. ಬಟ್ಟೆ ತಿರುಗಿಸಿ ನೋಡಿದರೆ ಕೆಳಗಡೆ ನೂಲು ಹಕ್ಕಿಗೂಡಿನ ಹಾಗೆ ಸುತ್ತಿಕೊಂಡಿದೆ. ಬಟ್ಟೆ ಮಿಷನ್ನಿಗೇ ಅಂಟಿಕೊಂಡಿದೆ. ಕತ್ತರಿಸಿ ಬಿಡಿಸಬೇಕಾಯಿತು. ಮೂರನೇ ದಿನ ದಿಣ್ಣೆಯ ಜಾಗವನ್ನು ಗುಂಡುಕಲ್ಲಿನಲ್ಲಿ ಕುಟ್ಟಿ ಚಪ್ಪಟೆ ಮಾಡಿದೆ. ಮೇಲೆ ಮೇಣದಬತ್ತಿ ಉಜ್ಜಿದೆ. ಚಕ್ರವನ್ನು ಕೈಯಿಂದ ತಿರುಗಿಸಿದೆ. ಪ್ಲಾಸ್ಟಿಕ್ ಚಕ್ರ, ಕೈಯಲ್ಲಿ ಜಾರುತ್ತದೆ. ಮಿಷನ್ ಹಗುರ, ಬಟ್ಟೆಯ ಭಾರಕ್ಕೆ ಅದೇ ಮೇಜಿನ ಮೇಲೆ ಜರುಗುತ್ತದೆ. ಒಂದು ಕಾಲು ಮುಗಿಯುವ ಹೊತ್ತಿಗೆ ಮೋಟಾರಿನ ಕಡೆಯಿಂದ ಸುಟ್ಟ ವಾಸನೆ ಬಂತು. ನಿಲ್ಲಿಸಿದೆ.

ವಾಪಸ್ ಕೊಡೋಣ ಅಂತ ಕೇಳಿದರೆ, ಬಳಸಿದ ಮಿಷನ್ ತೆಗೆದುಕೊಳ್ಳುವುದಿಲ್ಲ ಅಂದರು. ಬಳಸದೆ ಗೊತ್ತಾಗುವುದು ಹೇಗೆ? ಅದು ನನಗೆ ಇವತ್ತಿಗೂ ಬೇಸರ. 1,850 ರೂಪಾಯಿ ನಮ್ಮ ಮನೆಗೆ ಸಣ್ಣ ದುಡ್ಡಲ್ಲ. ಜೀನ್ಸಿನ ಒಂದು ಕಾಲು ಹೊಲಿದು, ಇನ್ನೊಂದು ಕಾಲು ಹಾಗೇ ಮಡಚಿ ಪಿನ್ ಹಾಕಿ ಎತ್ತಿಟ್ಟೆ.

ಇದಕ್ಕಿಂತ ಕಡಿಮೆ ಬೆಲೆಗೆ ಸ್ಟೇಪ್ಲರ್ ತರದ ಕೈ ಮಿಷನ್ ಸಿಗುತ್ತದೆ. ಅದರಲ್ಲಿ ಒಂದೇ ನೂಲು, ಸರಪಳಿ ಹೊಲಿಗೆ. ಕೊನೆಯ ನೂಲನ್ನು ಗಂಟು ಹಾಕದೆ ಬಿಟ್ಟು, ಯಾರಾದರೂ ಎಳೆದರೆ ಪೂರ್ತಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಮಕ್ಕಳ ಬಟ್ಟೆಗಂತೂ ಬೇಡವೇ ಬೇಡ.

ಚಿಕ್ಕಮ್ಮನ ಮಗಳ ಕರೆಂಟ್ ಮಿಷನ್ ಬಗ್ಗೆ ದೂರು ಹೇಳಲಾರೆ. ಜೀನ್ಸಿನ ಉಳಿದ ಕಾಲನ್ನು ನಿಧಾನವಾಗಿ ಹೊಲಿಯಿತು. ಜಿಗ್‌ಜಾಗ್ ಇದೆ, ಕಾಜ ಮಾಡುತ್ತದೆ. ಟೀ ಶರ್ಟ್ ತರ ಎಳೆದರೆ ಹಿಗ್ಗುವ ಬಟ್ಟೆಗೆ ಜಿಗ್‌ಜಾಗೇ ಬೇಕು, ನೇರ ಹೊಲಿಗೆ ಹಾಕಿದರೆ ತಲೆ ತೂರಿಸುವಾಗ ಪಟಪಟ ಅಂತ ನೂಲು ಕಿತ್ತು ಹೋಗುತ್ತದೆ. ಆ ವಿಷಯದಲ್ಲಿ ಅದರ ಮುಂದೆ ನನ್ನ ಮಿಷನ್ ಸೋಲುತ್ತದೆ. ಆದರೆ ಅಂಥದ್ದು ಅಂಗಡಿಯಲ್ಲಿ ಹತ್ತು ಸಾವಿರ ದಾಟುತ್ತದೆ. ಅದೂ ಅಲ್ಲದೆ ಅದು ನಮ್ಮ ಮನೆಯಲ್ಲಿ ಇದ್ದ ಎರಡು ವಾರ ಜುಲೈ ತಿಂಗಳು. ಗಾಳಿಗೆ ಒಂದು ಸಿಲ್ವರ್ ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟ್ ಇಲ್ಲ. ಐದು ದಿನ ಮಿಷನ್ ಸುಮ್ನೆ ಕೂತಿತ್ತು. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದ ಮಳೆ ಕಂಡಮೇಲೆ ಕರೆಂಟನ್ನೇ ನಂಬಿ ಏನನ್ನೂ ಕೊಳ್ಳಲು ನಮಗೆ ಮನಸ್ಸು ಬರುವುದಿಲ್ಲ.

ಮಡಿಕೇರಿಯಲ್ಲಿ ಟೈಲರ್ ಹತ್ತಿರ ಕೊಡಬಹುದಲ್ವಾ ಅಂದರೆ, ಕೊಡಬಹುದು. ಮದುವೆ ಸೀಸನ್ನಿನಲ್ಲಿ ಅವರಿಗೆ ಆಲ್ಟ್ರೇಷನ್ ಮುಟ್ಟಲೂ ಪುರಸೊತ್ತಿಲ್ಲ. 150ರ ಪ್ಯಾಂಟಿಗೆ ಕೂಲಿ, ಬಸ್ ಚಾರ್ಜು ಸೇರಿಸಿದರೆ ಸಂತೆಯಲ್ಲಿ ಉಳಿಸಿದ್ದು ಅಲ್ಲೇ ಹೋಗುತ್ತದೆ.

ಇನ್ನು ನನ್ನ ಮಿಷನ್. ಪರಿಚಯದವರು ಹೇಳಿ ಗೊತ್ತಾದದ್ದು. ಆ ಮನೆಯ ಅಜ್ಜಿಗೆ ಮಂಡಿನೋವು, ತುಳಿಯಲು ಆಗುತ್ತಿರಲಿಲ್ಲ. ನಾಲ್ಕು ವರ್ಷದಿಂದ ಮೇಲೆ ಬೆಡ್‌ಶೀಟ್ ಮುಚ್ಚಿ ಇಟ್ಟಿದ್ದರು. ನಾನು ಹೋಗುವಾಗ ಚೀಲದಲ್ಲಿ ಎರಡು ತುಂಡು ತೆಗೆದುಕೊಂಡು ಹೋಗಿದ್ದೆ, ಒಂದು ತೆಳು ವಾಯಲ್, ಇನ್ನೊಂದು ಅದೇ ಜೀನ್ಸಿನಿಂದ ಕತ್ತರಿಸಿದ್ದು. ಹಳೇ ಮಿಷನ್ ನೋಡಲು ಹೋಗುವವರು ದಯವಿಟ್ಟು ಹೀಗೇ ಮಾಡಿ. ಮರದ ಹಲಗೆಯ ಅಡಿಗೆ ಬಗ್ಗಿ ಗೆದ್ದಲು ಇದೆಯಾ ನೋಡಿ. ಮೇಲಿನ ನೂಲನ್ನು ಕೆಳಗೆ ಹಿಡಿದು ಸುತ್ತಿಸುವ ಭಾಗಕ್ಕೆ ಶಟಲ್ ಅನ್ನುತ್ತಾರೆ, ಅದು ಇರುವ ಜಾಗ ತೆಗೆಸಿ ಟಾರ್ಚ್ ಬಿಟ್ಟು ನೋಡಿ. ಮೇಲೆ ತುಕ್ಕು ಇದ್ದರೆ ಪರವಾಗಿಲ್ಲ, ಶಟಲ್ಲಿನ ತುದಿ ತುಕ್ಕು ಹಿಡಿದು ಸವೆದಿದ್ದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ.

ನನಗೆ ಸಿಕ್ಕಿದ ಮಿಷನ್ನಿನಲ್ಲಿ ತುಕ್ಕು ಇರಲಿಲ್ಲ. ಆದರೆ ಚಕ್ರ ಅಲುಗಾಡುತ್ತಲೇ ಇರಲಿಲ್ಲ. ಅಜ್ಜಿಯನ್ನು ಕೇಳಿದೆ, "ಯಾವ ಎಣ್ಣೆ ಹಾಕ್ತಿದ್ರಿ ಅಜ್ಜಿ?" "ತೆಂಗಿನೆಣ್ಣೆನೇ ಮಗಾ, ಮನೆಯಲ್ಲಿ ಇದ್ದದ್ದು ಅದೇ ಅಲ್ವಾ" ಅಂದರು. ನನಗೆ ಸಮಾಧಾನವಾಯಿತು. ಮುರಿದದ್ದಲ್ಲ, ಅಂಟಿಕೊಂಡದ್ದು. ನಮ್ಮ ಊರಿನ ಚಳಿಗೆ ಡಿಸೆಂಬರಿನಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಬಿಳಿಯಾಗಿ ಗಟ್ಟಿಯಾಗುತ್ತದಲ್ಲ, ಮಿಷನ್ನಿನ ಒಳಗೂ ಗಟ್ಟಿಯಾಗದೆ ಇರುತ್ತದಾ? ವರ್ಷಗಟ್ಟಲೆ ಹಾಗೇ ಬಿಟ್ಟರೆ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. 2,800 ರೂಪಾಯಿಗೆ ಮಾತಾಡಿ, ಪಿಕಪ್ಪಿಗೆ 400 ಕೊಟ್ಟು ಮನೆಗೆ ತಂದೆ.

ಪಕ್ಕದ ಮನೆಯಲ್ಲಿ ಸ್ವಲ್ಪ ಸೀಮೆಎಣ್ಣೆ ಇತ್ತು. ಒಲೆಯಿಂದ ದೂರ, ಜಗಲಿಯಲ್ಲಿ ಮಿಷನ್ ಇಟ್ಟು, ಎಣ್ಣೆ ಬಿಡುವ ಒಂದೊಂದು ತೂತಿಗೂ ಎರಡೆರಡು ಹನಿ ಬಿಟ್ಟೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಚಕ್ರ ಕಾಲು ಸುತ್ತು ತಿರುಗಿತು. ಮೂರನೇ ದಿನ ತಲೆಯನ್ನು ಹಿಂದಕ್ಕೆ ಮಗುಚಿ ನೋಡಿದರೆ ಕೆಳಗಿನ ಕೀಲುಗಳಿಂದ ಜೋನಿಬೆಲ್ಲದ ಬಣ್ಣದ ಅಂಟು ಇಳಿಯುತ್ತಿತ್ತು. ಹಳೇ ಬನಿಯನ್ ತುಂಡಿನಲ್ಲಿ ಒರೆಸಿದೆ, ಮತ್ತೆ ಬಿಟ್ಟೆ, ಮತ್ತೆ ಒರೆಸಿದೆ. ಹಲ್ಲಿನ ಸಂದಿಯಲ್ಲಿದ್ದ ಹತ್ತಿಯ ಕಸವನ್ನು ಪಿನ್ನಿನಲ್ಲಿ ಕೆದಕಿ ತೆಗೆದೆ. ಕೊನೆಗೆ ಒಳ್ಳೇ ಮಿಷನ್ ಎಣ್ಣೆ ಹಾಕಿ ತಿರುಗಿಸಿದಾಗ ಚಕ್ರ ಒಂದು ಬೆರಳಿಗೆ ತಿರುಗಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಒಂದು ಬೆಲ್ಟ್, ಕೆಳಗಿನ ನೂಲಿನ ಸುರುಳಿ ಕೂರುವ ಒಂದು ಬಾಬಿನ್ ಕೇಸ್, ಸೂಜಿ ಎಲ್ಲ ಸೇರಿ 350 ಆಯಿತು. ಒಟ್ಟು 3,550.

ತುಳಿಯಲು ಕಲಿಯಬೇಕು, ಅದು ನಿಜ. ಚಕ್ರ ಹಿಂದಕ್ಕೆ ತಿರುಗಿದರೆ ನೂಲು ಕಿತ್ತುಹೋಗುತ್ತದೆ. ನೂಲು ಹಾಕದೆ ಕಾಗದದ ಮೇಲೆ ಎರಡು ದಿನ ತುಳಿದರೆ ಕಾಲಿಗೆ ತಾನಾಗಿ ಬರುತ್ತದೆ.

ಮೊದಲ ಕೆಲಸ ಇನ್ನೊಂದು ಜೀನ್ಸ್. ಅದೇ ಹನ್ನೆರಡು ಪದರ. ದಿಣ್ಣೆ ಬರುವ ಮೊದಲು ನಿಲ್ಲಿಸಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ, ಪಾದ ಎತ್ತಿ, ಹಿಂಭಾಗದ ಅಡಿಗೆ ಬೆಂಕಿಪೊಟ್ಟಣದ ರಟ್ಟನ್ನು ದಿಣ್ಣೆಯಷ್ಟೇ ದಪ್ಪಕ್ಕೆ ಮಡಚಿ ಇಟ್ಟೆ. ಪಾದ ಮಟ್ಟಸವಾಗಿ ಕೂತಿತು. ಮೇಲಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದೆ. ಕಬ್ಬಿಣದ ಚಕ್ರ, ಅದರ ಭಾರವೇ ಸೂಜಿಯನ್ನು ಒಳಗೆ ತಳ್ಳುತ್ತದೆ. ದಿಣ್ಣೆ ಇಳಿಯುವಾಗ ಅದೇ ರಟ್ಟನ್ನು ಪಾದದ ಮುಂಭಾಗದ ಅಡಿಗೆ ಕೊಟ್ಟೆ. ಎರಡೂ ಕಾಲು ಹತ್ತು ನಿಮಿಷ. ಸೂಜಿ ಮುರಿಯಲಿಲ್ಲ. ರಟ್ಟಿನ ಉಪಾಯವನ್ನು ಬ್ಯಾಟರಿ ಮಿಷನ್ನಿನಲ್ಲೂ ಆಮೇಲೆ ಮಾಡಿ ನೋಡಿದೆ. ಪಾದ ಮಟ್ಟಸವಾಯಿತು, ಆದರೂ ಸೂಜಿ ಇಳಿಸುವಷ್ಟು ಶಕ್ತಿ ಮೋಟಾರಿಗೆ ಇರಲಿಲ್ಲ.

ಈ ಮಿಷನ್ನಿಗೂ ನಮ್ಮ ಮಳೆಯಲ್ಲಿ ಒಂದು ಕಾಟ ಇದೆ, ಬೆಲ್ಟ್. ಚರ್ಮದ ಬೆಲ್ಟ್ ಥಂಡಿ ಹಿಡಿದು ಸಡಿಲವಾಗುತ್ತದೆ. ತುಳಿದರೆ ಕೆಳಗಿನ ಚಕ್ರ ತಿರುಗುತ್ತದೆ, ಮೇಲಿನದು ನಿಂತಿರುತ್ತದೆ. ಅರ್ಧ ಇಂಚು ಕತ್ತರಿಸಿ, ಹೊಸ ತೂತು ಮಾಡಿ, ತಂತಿಯ ಕ್ಲಿಪ್ ಹಾಕಿ ಇಕ್ಕಳದಲ್ಲಿ ಒತ್ತಿದರೆ ಸರಿಹೋಗುತ್ತದೆ. ಒಂದೇ ಸಲ ಜಾಸ್ತಿ ಕತ್ತರಿಸಬೇಡಿ, ಬಿಗಿಯಾದರೆ ತುಳಿಯುವುದು ಭಾರ. ಹೊಲಿಗೆ ಮುಗಿದಮೇಲೆ ಬೆಲ್ಟನ್ನು ಚಕ್ರದಿಂದ ಜಾರಿಸಿ ಇಟ್ಟರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಹಾಕಿ, ಸೂಜಿಯನ್ನು ಬಿಚ್ಚಿಟ್ಟು ಮುಚ್ಚುತ್ತೇನೆ.

ನನ್ನದರಲ್ಲಿ ಹಿಂದಕ್ಕೆ ಹೊಲಿಯುವ ಸೌಕರ್ಯ ಇಲ್ಲ. ಕೊನೆಯಲ್ಲಿ ಬಟ್ಟೆ ತಿರುಗಿಸಿ ನಾಲ್ಕು ಹೊಲಿಗೆ ಹಾಕುತ್ತೇನೆ, ಅಷ್ಟೇ.

ಅಂದಿನಿಂದ ಇಲ್ಲಿಯವರೆಗೆ ಏಳು ಪ್ಯಾಂಟಿನ ಉದ್ದ ಇಳಿಸಿದ್ದೇನೆ. ಇವರ ಹಳೇ ಶರ್ಟಿನಲ್ಲಿ ಮಗಳಿಗೆ ಎರಡು ಫ್ರಾಕ್ ಆಗಿದೆ. ಗುಂಡಿ ಪಟ್ಟಿಯನ್ನು ಹಾಗೇ ಬೆನ್ನಿಗೆ ತಂದರೆ ಕಾಜ ಮಾಡುವ ಕೆಲಸವೇ ಇಲ್ಲ. ಅಮ್ಮನ ರೇಷ್ಮೆ ಸೀರೆ ಮಡಿಕೆಯಲ್ಲಿ ಸೀಳಿತ್ತು. ಸೀಳಿದ ಭಾಗ ಬಿಟ್ಟು ಸೆರಗು, ಅಂಚು ಉಳಿಸಿ ಮಗಳಿಗೆ ಲಂಗ ಹೊಲಿದೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಅದನ್ನೇ ಹಾಕಿದಳು. ಸಂತೆಯ ಬಟ್ಟೆಯನ್ನು ಮೊದಲು ಒಗೆದು, ಒಲೆಯ ಮೇಲಿನ ಬಿಸಿಗೆ ಪೂರ್ತಿ ಒಣಗಿಸಿ, ಆಮೇಲೇ ಅಳತೆ ತೆಗೆಯುತ್ತೇನೆ. ಒಗೆದಾಗ ಕುಗ್ಗುವುದಿದ್ದರೆ ಕತ್ತರಿ ಹಾಕುವ ಮೊದಲೇ ಕುಗ್ಗಲಿ.

ನಾನು ಹೊಲಿಯುವುದು ರಾತ್ರಿ ಒಂಬತ್ತರ ಮೇಲೆ, ಮಕ್ಕಳು ಮಲಗಿದಮೇಲೆ. ಕರೆಂಟ್ ಹೋದರೆ ಚಾರ್ಜ್ ಲೈಟ್ ಹಚ್ಚಿಕೊಂಡರೆ ಸಾಕು. ಹೊಲಿಯುವುದು ಹೆಚ್ಚಾಗಿ ಪ್ಯಾಂಟು, ಕೋಟು, ಕಾಟನ್. ನನಗೆ ತುಳಿಯುವ ಮಿಷನ್ನೇ ಸರಿ. ಟೀ ಶರ್ಟ್, ಲೆಗಿಂಗ್ಸ್ ಜಾಸ್ತಿ ಇರುವವರು, ಫಾಲ್ ಪೀಕೋ ಮಾಡಿ ದುಡಿಯುವವರು ಜಿಗ್‌ಜಾಗ್ ಇರುವ ಕರೆಂಟ್ ಮಿಷನ್ ನೋಡಿ. ಟೈಲರಿಂಗನ್ನೇ ಕಸುಬಾಗಿ ಮಾಡುವವರಿಗೆ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇದೆ, ಮೊದಲು ಅದನ್ನು ವಿಚಾರಿಸಿ. ಬಾಡಿಗೆ ಮನೆ, ಮೇಲಂತಸ್ತು ಅನ್ನುವವರಿಗೆ ನನ್ನಂಥ ಮಿಷನ್ ಕಷ್ಟ, ಎತ್ತಲು ಇಬ್ಬರು ಬೇಕು.

ಬ್ಯಾಟರಿ ಮಿಷನ್ ಈಗ ಮಗಳ ಹತ್ತಿರ ಇದೆ. ಗೊಂಬೆಗೆ ಸೀರೆ, ರವಿಕೆ ಹೊಲಿಯುತ್ತಾಳೆ. ನನ್ನ ಮಿಷನ್ನಿನ ಪಕ್ಕದಲ್ಲಿ ಹೋದ ವಾರದ ಸಂತೆಯಲ್ಲಿ ಸಿಕ್ಕಿದ ಉಣ್ಣೆಯ ಕೋಟು ಕಾಯುತ್ತಿದೆ. 250 ರೂಪಾಯಿ. ಒಳಗಿನ ಲೈನಿಂಗ್ ಹರಿದಿದೆ, ತೋಳು ಎರಡು ಇಂಚು ಉದ್ದ. ಅತ್ತೆಗೆ ಚಳಿಗೆ ಮೊದಲು ಆಗಬೇಕು.