ಪೆಂಟಾಕ್ಸ್ ಕೆ1000 ಒಳ್ಳೇದಾ, ಯಾಶಿಕಾ ಎಲೆಕ್ಟ್ರೋ 35 ಒಳ್ಳೇದಾ?

ಮೊದಲ ಫಿಲ್ಮ್ ರೀಲ್ ಕ್ಯಾಮೆರಾ ಅಂದ್ರೆ ನನ್ನ ಓಟು 1976ರಲ್ಲಿ ಬಂದ ಪೆಂಟಾಕ್ಸ್‌ಗೆ. ಶಟರ್ ಪೂರ್ತಿ ಮೆಕ್ಯಾನಿಕಲ್. ಸೆಲ್ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರಿಗೆ ಮಾತ್ರ, ಅದೂ ವಾಚ್ ಅಂಗಡಿಯಲ್ಲಿ ಸಿಗುವ ಬಟನ್ ಸೆಲ್. ಮೀಟರಿಗೆ ಆಫ್ ಸ್ವಿಚ್ ಇಲ್ಲ, ಸೆಲ್ ಉಳಿಯಲು ಲೆನ್ಸ್ ಮುಚ್ಚಳ ಹಾಕಿಡಿ.

1966ರ ಯಾಶಿಕಾದಲ್ಲಿ ಲೆನ್ಸ್ ಬದಲಿಸಲು ಆಗುವುದಿಲ್ಲ. ಆದರೆ ಹೆಚ್ಚು ಬೆಳಕು ಒಳಗೆ ಬಿಡುವ ಅದರ 45 ಎಂಎಂ, ಎಫ್/1.7 ಲೆನ್ಸ್ ಗದಗದ ತ್ರಿಕೂಟೇಶ್ವರ ಗುಡಿಯೊಳಗಿನ ಮಬ್ಬು ಬೆಳಕಿಗೆ ಹೇಳಿ ಮಾಡಿಸಿದ ಹಾಗಿದೆ (ಅನುಮತಿ ಕೇಳಿಯೇ ಫೋಟೋ ತೆಗೀರಿ). ಶಟರ್ ಸದ್ದೂ ಕಮ್ಮಿ, ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ತಲೆನೋವೆಲ್ಲಾ ಸೆಲ್‌ದು: ಮೂಲದ 5.6 ವೋಲ್ಟ್ ಪಾದರಸದ ಸೆಲ್ ಈಗ ಬರುವುದಿಲ್ಲ, ಬೇರೆ ಸೆಲ್‌ಗೆ ಸಾಮಾನ್ಯವಾಗಿ ಅಡಾಪ್ಟರ್ ಹಾಕಬೇಕು, ಸೆಲ್ ಇಲ್ಲದಿದ್ದರೆ ಶಟರ್ 1/500 ಸೆಕೆಂಡಿನ ಒಂದೇ ವೇಗದಲ್ಲಿ ಓಡುತ್ತದೆ. ಕೊಳ್ಳುವ ಮುಂಚೆ ರೀಲ್ ಎಳೆಯುವ ಲಿವರ್ ತಿರುಗಿಸಿ. ಒಳಗೆ 'ಟಕ್' ಅನ್ನದಿದ್ದರೆ ರಬ್ಬರ್ ಪ್ಯಾಡ್ ಹೋಗಿದೆ ಅಂತ, ಎಷ್ಟೇ ಅಗ್ಗ ಇದ್ದರೂ ಬಿಟ್ಟುಬಿಡಿ.